ಮಾವಶಿಗೆ ನಾನು ಕಲಿಸಿದ ಎಂಟು ಜಪಾನಿ ಹೆಸರುಗಳು

ಒಂದು ಮಾತು ಕೇಳುತ್ತೇನೆ, ಯೋಚಿಸಿ ಹೇಳಿ. ನೀವು ಸರಿಯಾಗಿಯೇ ಹೇಳುತ್ತಿದ್ದ ಒಂದು ಪದವನ್ನು ಯಾರೋ ಓದಿದವರು ಬಂದು, ನಾಲ್ಕು ಜನರ ಎದುರು, "ಹಾಗಲ್ಲ, ಹೀಗೆ" ಎಂದು ತಿದ್ದಿದ್ದು ನಿಮಗೆ ಆಗಿದೆಯೇ? ಆಮೇಲೆ ಆ ಪದ ಬಂದಾಗಲೆಲ್ಲ ಬಾಯಿ ಒಂದು ಕ್ಷಣ ನಿಂತುಬಿಟ್ಟಿದೆಯೇ?

ನನಗೆ ಹಾಗಾಯಿತು ಎಂದು ಗೋಳಾಡಲು ಇದನ್ನು ಕೇಳುತ್ತಿಲ್ಲ. ಈ ಕತೆಯಲ್ಲಿ ತಿದ್ದಿದವಳು ನಾನು.

ನಾನು ಹುಟ್ಟಿದ್ದು ಹಳಿಯಾಳದಲ್ಲಿ. ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರ್ ಬಸ್ ಸ್ಟ್ಯಾಂಡಿನ ಎದುರು ನಿಧಾನವಾದರೆ ಹಿಂದಿನಿಂದ ಒಂದು ಕಬ್ಬು ಎಳೆದುಕೊಂಡು ಓಡುವ ಹುಡುಗಿ. ಧಾರವಾಡಕ್ಕೆ ಕಾಲೇಜಿಗೆ ಹೋದ ಮೊದಲ ವಾರ ಕ್ಲಾಸಿನಲ್ಲಿ 'ಇಸ್ಕೂಲು' ಎಂದೆ. ಹಿಂದಿನ ಬೆಂಚಿನವರು ಮೂರು ವರ್ಷ ನನ್ನನ್ನು ಅದೇ ಹೆಸರಿನಿಂದ ಕರೆದರು. ಆ ಸಿಟ್ಟಿಗೆ ಇಂಗ್ಲಿಷ್ ಕಲಿತೆ. ಸಿಟ್ಟಿನಿಂದ ಕಲಿತವರು ಸಿಟ್ಟಿನಿಂದಲೇ ಕಲಿಸುತ್ತಾರೆ, ಇದು ನನಗೆ ತಡವಾಗಿ ಗೊತ್ತಾಯಿತು. ದಾಂಡೇಲಿಯಲ್ಲಿ ಒಂದು ಟೇಲರ್ ಅಂಗಡಿಯ ಮಹಡಿಯ ಮೇಲೆ ಹನ್ನೆರಡು ವರ್ಷ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸಿದೆ. ಕೆಳಗೆ ಹೊಲಿಗೆ ಮಷಿನ್ ಸದ್ದು, ಮೇಲೆ ನನ್ನದು.

ಕೆಲವು ವರ್ಷಗಳ ಹಿಂದೆ ಕಾಳಿ ನದಿ ದಂಡೆಯ ಒಂದು ರಿಸಾರ್ಟಿನ ಮ್ಯಾನೇಜರ್ ಫೋನ್ ಮಾಡಿದರು.

"ಮೇಡಂ, ಜಪಾನಿ ಊಟದ ಕೌಂಟರ್ ಮಾಡಾಕತ್ತೇವಿ. ಶನಿವಾರ, ರವಿವಾರ. ಗೆಸ್ಟ್ ಎದುರಿಗೇ ಮಾಡಿ ಕೊಡೋದು. ಹೆಸರು ಮಾತ್ರ ಕರೆಕ್ಟ್ ಇರಬೇಕ್ರಿ. ಪುಣೆ ಮಂದಿ ಬರ್ತಾರ, ನಗಬಾರದು."

"ಕೌಂಟರಿಗೆ ಯಾರ ನಿಲ್ತಾರ?"

"ನಮ್ಮ ಮಾವಶಿ."

ಮಾವಶಿ ಎಂದರೆ ತಾಯಿಯ ಅಕ್ಕತಂಗಿಯರನ್ನು ಮರಾಠಿಯವರು ಕರೆಯುವ ಹೆಸರು. ನಮ್ಮ ಕಡೆ ಅಡುಗೆಮನೆಯಲ್ಲಿ ದುಡಿಯುವ ಹಿರಿಯ ಹೆಂಗಸರಿಗೆಲ್ಲ ಅದೇ ಹೆಸರು. ಈ ಮಾವಶಿ ಜೋಯಿಡಾ ತಾಲೂಕಿನವರು, ಕುಂಬಾರವಾಡದ ಆಚೆಗಿನ ಒಂದು ಹಳ್ಳಿ. ದಾಂಡೇಲಿಯಲ್ಲಿ ಒಂದು ಕೋಣೆ ಹಿಡಿದುಕೊಂಡು ಆರು ವರ್ಷದಿಂದ ರಿಸಾರ್ಟಿನ ಪಾತ್ರೆ ತೊಳೆಯುತ್ತಿದ್ದರು. ಜಪಾನಿ ಅಡುಗೆ ಕಲಿಸಲು ಗೋವಾದಿಂದ ಎರಡು ತಿಂಗಳ ಮಟ್ಟಿಗೆ ಒಬ್ಬ ಬಾಣಸಿಗ ಬಂದಿದ್ದನಂತೆ. ಅನ್ನ ಬೇಗ ಆರಬೇಕು, ಆದರೆ ಒಣಗಬಾರದು ಎಂದು ಅವನು ಫ್ಯಾನ್ ಹುಡುಕುತ್ತಿದ್ದಾಗ ಮಾವಶಿ ಕೈ ಒರೆಸಿಕೊಂಡು ಬಂದು, ಅಗಲ ಪರಾತದಲ್ಲಿ ಅನ್ನ ಹರವಿ, ಮೊರದಿಂದ ಬೀಸಿದರು. ಒಂದೊಂದು ಅಗುಳೂ ಹೊಳೆಯಿತು. "ಇದನ್ನು ಯಾರು ಕಲಿಸಿದರು?" ಎಂದು ಅವನು ಕೇಳಿದನಂತೆ. "ಅನ್ನ ಆರಸೋದು ಯಾರರ ಕಲಸ್ತಾರೇನ್ರಿ?" ಎಂದರಂತೆ ಇವರು. ಅವನು ಅಂದಿನಿಂದ ಇವರಿಗೇ ಅಡುಗೆ ಕಲಿಸಿ, ಹೋಗುವಾಗ ಮ್ಯಾನೇಜರಿಗೆ ಹೇಳಿಹೋದ, ಈ ಕೈಯನ್ನು ಪಾತ್ರೆಯ ನೀರಿನಲ್ಲಿ ಹಾಳುಮಾಡಬೇಡಿ ಎಂದು.

ಮ್ಯಾನೇಜರ್ ಫೋನಿನಲ್ಲಿ ದನಿ ಇಳಿಸಿ ಇನ್ನೊಂದು ಮಾತು ಹೇಳಿದರು. "ಮತ್ತೇನಂದ್ರ ಮೇಡಂ, ಮಾವಶಿ ಸಿದ್ದಿ ಮಂದಿ. ವೈಟ್ ಕೋಟ್ ಹಾಕ್ಕೊಂಡು ನಿಂತ್ರ ಫಾರಿನ್ ಕಂಡಂಗ ಕಾಣ್ತೈತಿ. ಬಾಯಿ ಒಂದ ಸರಿ ಮಾಡಿಕೊಡ್ರಿ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಿದ್ದಿಗಳ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದವರು. ಈಗಿನವರು ಇಲ್ಲಿಯವರೇ, ಇಲ್ಲೇ ಗದ್ದೆ ಮಾಡುತ್ತಾರೆ, ಇಲ್ಲಿಯ ಮಾತೇ ಆಡುತ್ತಾರೆ. ಮ್ಯಾನೇಜರಿನ ಆ ಮಾತಿಗೆ ನಾನು ಏನಾದರೂ ಅನ್ನಬೇಕಿತ್ತು. "ಆಗಲಿ" ಅಂದೆ, ಅಷ್ಟೇ.

ಮಧ್ಯಾಹ್ನ ಮೂರಕ್ಕೆ, ಊಟದ ಗದ್ದಲ ಮುಗಿದ ಮೇಲೆ, ಖಾಲಿ ಡೈನಿಂಗ್ ಹಾಲಿನಲ್ಲಿ ಕ್ಲಾಸ್. ಮಾವಶಿ ನನಗಿಂತ ಐದಾರು ವರ್ಷಕ್ಕೆ ದೊಡ್ಡವರು. ಬೆರಳ ತುದಿಗಳು ನೀರಿನಲ್ಲಿ ನೆನೆದು ಸುಕ್ಕಾಗಿದ್ದವು. ಮೊದಲ ದಿನವೇ ನೋಟ್‌ಬುಕ್ ತಂದಿದ್ದರು. ನಾನು ಬರುವ ಮೊದಲೇ ರಿಸಾರ್ಟಿನ ಸ್ಟೋರ್ ನೋಡಿಕೊಳ್ಳುವವನ ಹತ್ತಿರ ಮೆನು ಹಿಡಿದು ಒಂದೊಂದೇ ಇಂಗ್ಲಿಷ್ ಅಕ್ಷರ ಓದಿಸಿ, ಅದನ್ನು ಕನ್ನಡದಲ್ಲಿ ಕೂಡಿಸಿ ಬರೆದುಕೊಂಡಿದ್ದರು. ನಾಲ್ಕನೇ ಇಯತ್ತೆಯವರೆಗೆ ಓದಿದವರ ಗುಂಡನೆಯ ಅಕ್ಷರ. ಎಡಮಮೆ. ತೆರಿಯಕಿ. ತೆಂಪುರ. ವಸಬಿ. ರಮೆನ್. ಉಡೊನ್. ಮಿಸೊ. ಮೊಚಿ.

"ಓದಲೇನ್ರಿ ಅಕ್ಕೋರ?" ಎಂದು ಕೇಳಿ ಓದಿದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ಒಂದೊಂದು ಅಕ್ಷರಕ್ಕೂ ಅಷ್ಟಷ್ಟೇ ತೂಕ ಕೊಟ್ಟು, ಯಾವುದನ್ನೂ ಎಳೆಯದೆ, ಯಾವುದನ್ನೂ ನುಂಗದೆ ಓದಿದರು.

ನಾನು ನಕ್ಕೆ. ಕೆಟ್ಟ ನಗೆಯಲ್ಲ ಎಂದು ಆಗ ಅಂದುಕೊಂಡಿದ್ದೆ. "ಮಾವಶಿ, ಕಾಗುಣಿತ ಓದಿದಂಗ ಓದಬ್ಯಾಡ್ರಿ. ಇದು ತಪ್ಪು. ಎಡ-ಮಾ-ಮೇಯ್. ಮಾ ಅನ್ನೋದ್ನ ಎಳೀಬೇಕು."

ನಾನು ಇದನ್ನು ಎಲ್ಲಿ ಕಲಿತಿದ್ದೆ? ಫೋನಿನಲ್ಲಿ, ಯಾವನೋ ಇಂಗ್ಲಿಷಿನವನ ವಿಡಿಯೋದಲ್ಲಿ, ಹಿಂದಿನ ದಿನ. ಆ ಎಂಟರಲ್ಲಿ ಒಂದನ್ನೂ ನಾನು ಜನ್ಮದಲ್ಲಿ ತಿಂದವಳಲ್ಲ. ಎಡಮಮೆ ಎಂದರೆ ಸಿಪ್ಪೆ ಸಮೇತ ಬೇಯಿಸಿ ಉಪ್ಪು ಉದುರಿಸಿದ ಎಳೆ ಸೋಯಾಕಾಯಿ. ಹಳಿಯಾಳದ ಹೊಲಗಳಲ್ಲಿ ದನ ಬಾಯಿ ಹಾಕಿದರೆ ಓಡಿಸುತ್ತೇವಲ್ಲ, ಅದೇ ಬೆಳೆ.

ನನ್ನ ಕ್ಲಾಸಿನಲ್ಲಿ ಒಂದು ಪದ್ಧತಿ ಇತ್ತು. ಎರಡು ಕೈಯ ಬೆರಳಿಗೆ ಒಂದು ರಬ್ಬರ್ ಬ್ಯಾಂಡ್ ಸಿಕ್ಕಿಸಿಕೊಂಡು, ಪದದಲ್ಲಿ ಎಲ್ಲಿ ಒತ್ತಬೇಕೋ ಅಲ್ಲಿ ಅದನ್ನು ಎಳೆಯುವುದು. ಕೈ ಎಳೆದರೆ ಬಾಯಿಯೂ ಎಳೆಯುತ್ತದೆ. ಮಾವಶಿಗೂ ಒಂದು ಕೊಟ್ಟೆ. ಟೆರಿಯಾಕಿಯಲ್ಲಿ 'ಯಾ'ಗೆ ಎಳೆ. ಟೆಂಪೂರಾದಲ್ಲಿ 'ಪೂ'ಗೆ ಎಳೆ. ವಸಾಬಿಯಲ್ಲಿ 'ಸಾ'ಗೆ. ಅವರು ಎಳೆಯುವಷ್ಟರಲ್ಲಿ ಪದ ಮುಂದೆ ಹೋಗಿರುತ್ತಿತ್ತು. ಬ್ಯಾಂಡ್ ಹಾರಿ ಟೇಬಲ್ ಕೆಳಗೆ ಬೀಳುತ್ತಿತ್ತು.

"ಅಕ್ಕೋರ, ಅಕ್ಕಿ ಹಿಟ್ಟ ನಾದಿದ್ರ ಹೇಳಿದ ಮಾತ ಕೇಳ್ತೈತಿ. ಈ ನಾಲಿಗಿ ಯಾಕ ಕೇಳವಲ್ದು?"

"ದಿನಾ ಐವತ್ತ ಸಲ ಹೇಳ್ರಿ. ಕೇಳ್ತೈತಿ."

ಅವರು ತಮಾಷೆಯ ಹೆಂಗಸು. ಮೂರನೆಯ ದಿನ ಹೇಳಿದರು, "ಗಾರ್ಡನ್ ಕಡೆ ಹೋದಾಗ ಒಬ್ರು ಗೆಸ್ಟ್ ಕೇಳಿದ್ರು, ಯಾವ ಕಂಟ್ರಿ ಅಂತ. ಜೋಯಿಡಾ ಅಂದೆ. ಅದು ಆಫ್ರಿಕಾದಾಗ ಎಲ್ಲಿ ಬರ್ತೈತಿ ಅಂದ್ರು. ರಾಮನಗರ ರಸ್ತೇಕ ಬರ್ತೈತ್ರಿ, ಬಸ್ ಭಾಳ ಇಲ್ಲ ಅಂತ ಹೇಳಿ ಬಂದೆ." ಹೇಳಿ ತಾವೇ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಒಮ್ಮೆ ನಾನೇ ಕೇಳಿದೆ, ಇಷ್ಟು ಕಷ್ಟಪಟ್ಟು ಆ ಕೌಂಟರಿಗೆ ಯಾಕೆ ನಿಲ್ಲಬೇಕು ನಿಮಗೆ ಎಂದು. ಅವರು ಬ್ಯಾಂಡನ್ನು ಬೆರಳಿಗೆ ಸುತ್ತುತ್ತ ಹೇಳಿದರು.

"ಆರ ವರ್ಷ ಆತ್ರಿ. ಗೆಸ್ಟ್ ಉಂಡು ಬಿಟ್ಟ ತಾಟು ನೋಡೇನಿ, ಗೆಸ್ಟ್ ಮಾರಿ ನೋಡಿಲ್ಲ. ನಾ ಮಾಡಿದ್ದನ್ನ ತಿನ್ನೂವಾಗ ಮಾರಿ ಹೆಂಗಾಗ್ತೈತಿ, ಒಮ್ಮೆ ನೋಡಬೇಕ್ರಿ. ಊರಾಗ ನಮ್ಮ ತಂಗೀಗೂ ಹೇಳೇನಿ, ಈ ಸಲ ಮುಂದ ನಿಲ್ತೇನಿ ಅಂತ."

ಎರಡು ವಾರ ಕಲಿಸಿದೆ. ಹದಿನಾಲ್ಕನೆಯ ದಿನಕ್ಕೆ ಅವರ ಬಾಯಲ್ಲಿ ಎರಡೂ ಇದ್ದವು. ಅವರದು ಪೂರ್ತಿ ಹೋಗಿರಲಿಲ್ಲ, ನನ್ನದು ಪೂರ್ತಿ ಬಂದಿರಲಿಲ್ಲ. ನಾನು ಸರ್ಟಿಫಿಕೇಟ್ ಕೊಟ್ಟೆ. ರಬ್ಬರ್ ಬ್ಯಾಂಡ್ ಹಿಡಿದ ಅವರ ಕೈಗಳ ಫೋಟೋ ತೆಗೆದು ಇದೇ ಪೇಜಿನಲ್ಲಿ ಹಾಕಿ, ಕಾಡಿನ ನಡುವೆ ಜಪಾನಿ ಕಲಿಸುತ್ತಿದ್ದೇನೆ ಎಂದು ಕೊಚ್ಚಿಕೊಂಡೆ. ನಿಮ್ಮಲ್ಲಿ ಎಷ್ಟೋ ಜನ ಅದಕ್ಕೆ ಹೃದಯ ಒತ್ತಿದಿರಿ. ಆ ಪೋಸ್ಟ್ ಈಗ ಇಲ್ಲ, ಹುಡುಕಬೇಡಿ.

ಮೊದಲ ಶನಿವಾರ ಸಂಜೆ ನಾನೂ ಹೋಗಿ ಕಂಬದ ಪಕ್ಕ ನಿಂತಿದ್ದೆ. ಮಾವಶಿ ಬಿಳಿ ಕೋಟ್ ಹಾಕಿದ್ದರು. ಇಸ್ತ್ರಿಯ ಮಡಿಕೆ ಮುರಿಯಬಾರದೆಂದು ಕೈಯನ್ನು ಮೈಯಿಂದ ಸ್ವಲ್ಪ ದೂರ ಹಿಡಿದುಕೊಂಡಿದ್ದರು. ಕಡಲಪಾಚಿಯ ಹಾಳೆಯಲ್ಲಿ ಅನ್ನದ ಸುರುಳಿ ಕಟ್ಟುವಾಗ ಅವರ ಕೈ ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟು ಚುರುಕು. ಗೆಸ್ಟುಗಳು ಫೋನ್ ಎತ್ತಿ ವಿಡಿಯೋ ಮಾಡುತ್ತಿದ್ದರು. ಆಮೇಲೆ ಒಬ್ಬ ಹೆಂಗಸು ತಟ್ಟೆ ಹಿಡಿದು ಬಂದು, ಹಸಿರು ಕಾಯಿಯ ಬಟ್ಟಲು ತೋರಿಸಿ, ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಎಡಮ," ಎಂದರು ಮಾವಶಿ. ನಿಂತರು. ನನ್ನ ಕಡೆ ನೋಡಿದರು.

ಆಗ ನಾನು ಮಾಡಿದ ಕೆಲಸ ಹೇಳುತ್ತೇನೆ. ಕಂಬದ ಪಕ್ಕದಿಂದಲೇ ಎರಡು ಕೈ ಎತ್ತಿ ಗಾಳಿಯಲ್ಲಿ ಇಲ್ಲದ ಬ್ಯಾಂಡ್ ಎಳೆದು ತೋರಿಸಿದೆ.

"ಎಡ... ಮಾ... ಮಮೆ... ಎಡಮೇಯ್..." ಅಷ್ಟರಲ್ಲಿ ಸಾಲು ಬೆಳೆದಿತ್ತು. ಹಿಂದಿನಿಂದ ಯಾರೋ ನಕ್ಕರು. ಅವರು ನಕ್ಕಿದ್ದು ಬೇರೆ ಯಾವುದಕ್ಕೋ ಇರಬಹುದು, ನನಗೆ ಗೊತ್ತಿಲ್ಲ. ಆ ಹೆಂಗಸು ಪಾಪ, ಸಮಾಧಾನ ಮಾಡಲೆಂದೇ, ನೀವು ಯಾವ ಕಡೆಯವರು ಎಂದು ಕೇಳಿದಳು. ಜೋಯಿಡಾ ಎಂದು ಹೊಟ್ಟೆ ಹಿಡಿದು ನಕ್ಕಿದ್ದ ಬಾಯಿಗೆ ಆಗ ಊರ ಹೆಸರೂ ಬರಲಿಲ್ಲ.

ಮ್ಯಾನೇಜರ್ ಹತ್ತಿರ ಬಂದು ಮೆಲ್ಲಗೆ, "ಮಾವಶಿ, ಒಳಗ ಹೋಗಿ ಒಂದೀಟು ನೀರ ತೊಗೊಂಡ ಬರ್ರಿ" ಎಂದರು.

ಅವರು ನೀರು ತರಲು ಹೋದರು. ಅಷ್ಟರಲ್ಲಿ ರಿಸೆಪ್ಷನ್ನಿನ ಹುಡುಗಿ ಕೌಂಟರಿಗೆ ಬಂದು ನಿಂತಿದ್ದಳು. ನೀರಿನ ಜಗ್ಗು ಹಿಡಿದ ಮಾವಶಿ ಅಡುಗೆಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರು. ಮುಂದೆ ಬಾ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಆಮೇಲೆ ಅವರು ಒಳಗೇ ಸುರುಳಿ ಕಟ್ಟಿ ಕಿಟಕಿಯಿಂದ ದಾಟಿಸುತ್ತಿದ್ದರಂತೆ. ಒಂದು ತಿಂಗಳಿಗೆ ಕೆಲಸ ಬಿಟ್ಟು ಊರಿಗೆ ಹೋದರು. ಆ ಕೈ ಹೋದ ಮೇಲೆ ಅನ್ನ ಕೂಡಿಕೊಳ್ಳದೆ, ಅದೇ ವರ್ಷ ಕೌಂಟರೂ ಮುಚ್ಚಿತು. ನನಗೆ ಬೇಸರವಾಯಿತು ನಿಜ, ಆದರೆ ಒಳಗೊಳಗೆ ಅಂದುಕೊಂಡೆ, ಎಷ್ಟು ಕಲಿಸಿದರೂ ಕಲಿಯದಿದ್ದರೆ ನಾನೇನು ಮಾಡಲಿ.

ಎರಡು ವರ್ಷ ಕಳೆಯಿತು. ಕಳೆದ ಚಳಿಗಾಲ ಅಕ್ಕನ ಮೊಣಕಾಲು ನೋವಿಗೆ ಟಿಬೆಟಿ ಔಷಧಿ ತರೋಣ ಎಂದು ಇಬ್ಬರೂ ಮುಂಡಗೋಡದ ಟಿಬೆಟಿಯರ ಕ್ಯಾಂಪಿಗೆ ಹೋಗಿದ್ದೆವು. ಔಷಧಿ ತೆಗೆದುಕೊಂಡು ಒಂದು ಸಣ್ಣ ಹೋಟೆಲಿನಲ್ಲಿ ಥುಕ್ಪಾ, ಅದೇ ಅವರ ಶಾವಿಗೆ ಸಾರು, ಕುಡಿಯುತ್ತ ಕೂತಿದ್ದೆವು. ಜಾಗವಿಲ್ಲದ್ದಕ್ಕೆ ನಮ್ಮ ಟೇಬಲ್ಲಿಗೇ ಒಬ್ಬ ವಯಸ್ಸಾದ ಹೆಂಗಸು ಬಂದು ಕೂತರು. ಮಠ ನೋಡಲು ಬಂದ ಜಪಾನಿನವರು. ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು.

ನನ್ನ ಬಾಯಿ ಸುಮ್ಮನಿರುತ್ತದೆಯೇ? ನಿಮ್ಮ ಊಟದ ಹೆಸರುಗಳನ್ನು ನಾನು ಪಾಠ ಮಾಡಿದ್ದೇನೆ ಎಂದೆ. ಅವರಿಗೆ ಖುಷಿಯಾಗಿ, ಹೇಳಿ ನೋಡೋಣ ಎಂದರು. ಎಂಟೂ ಹೇಳಿದೆ, ಎಳೆಯಬೇಕಾದಲ್ಲಿ ಎಳೆದು. ಅವರು ತಲೆ ಬಾಗಿಸಿ, ನಿಮ್ಮ ಇಂಗ್ಲಿಷ್ ತುಂಬಾ ಚೆನ್ನಾಗಿದೆ ಎಂದರು.

ಇಂಗ್ಲಿಷ್?

ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ ಎಂದು ಕೇಳಿದೆ. ಅವರು ಸಂಕೋಚದಿಂದ ನಕ್ಕು, ಒಂದು ಬೆರಳಿನಿಂದ ಟೇಬಲ್ ತಟ್ಟುತ್ತ ಹೇಳಿದರು. ಎ. ದ. ಮ. ಮೆ. ನಾಲ್ಕು ಸಲ ಬೆರಳು ಬಿತ್ತು, ನಾಲ್ಕೂ ಸಲ ಅಷ್ಟಷ್ಟೇ ಮೆಲ್ಲಗೆ. ತೆ. ರಿ. ಯ. ಕಿ. ಮಾವಶಿಯ 'ಡ' ಇವರ ಬಾಯಲ್ಲಿ ಸ್ವಲ್ಪ ಮೆತ್ತಗಿತ್ತು, ಮಿಕ್ಕದ್ದೆಲ್ಲ ಆ ನೋಟ್‌ಬುಕ್ಕಿನದೇ.

"ಯಾಕ, ಮಾರಿ ಯಾಕ ಹಿಂಗಾತು?" ಎಂದಳು ಅಕ್ಕ.

"ಖಾರ ಹತ್ತಿತು."

"ಈ ಸಪ್ಪನ್ನ ಸಾರಿನಾಗ ಖಾರ ಎಲ್ಲೈತೆ?"

ನ್ಯಾಯವಾಗಿ ಹೇಳಬೇಕೆಂದರೆ, ಪುಣೆಯ ಗೆಸ್ಟ್ ನನ್ನ ಹಾಗೆಯೇ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಅದೇ ನಡೆಯುತ್ತದೆ. ನಾನು ಕಲಿಸಿದ್ದು ಸುಳ್ಳಲ್ಲ. ಆದರೆ "ಮಾವಶಿ, ನಿಮ್ಮದು ನಿಮಗಿರಲಿ, ಅವರು ಹೀಗೆ ಹೇಳುತ್ತಾರೆ, ಕಿವಿಗೆ ಬಿದ್ದಿರಲಿ" ಎಂದಿದ್ದರೆ ಸಾಕಿತ್ತು. ನಾನು ನಿಮ್ಮದು ತಪ್ಪು ಎಂದೆ. ಕಾಗುಣಿತದ ಹಾಗಿದೆ ಎಂಬ ಒಂದೇ ಕಾರಣಕ್ಕೆ ತಪ್ಪು ಎಂದೆ. ನಮ್ಮ ಅಕ್ಷರದಲ್ಲಿ ಬರೆದದ್ದು, ನಮ್ಮ ಬಾಯಿಗೆ ಸಲೀಸಾಗಿ ಬಂದದ್ದು, ಸರಿ ಇರಲು ಸಾಧ್ಯವೇ ಇಲ್ಲ ಎಂದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಧಾರವಾಡದ ಆ ಹಿಂದಿನ ಬೆಂಚಿನವರನ್ನು ನಾನು ಇಷ್ಟು ವರ್ಷ ಜೊತೆಗೇ ಹೊತ್ತುಕೊಂಡು ತಿರುಗುತ್ತಿದ್ದೆ.

ಹೋಗಿ ಹೇಳಬೇಕು ಅನ್ನಿಸಿತು. ಹೊರಡಲು ಮತ್ತೆ ತಿಂಗಳುಗಟ್ಟಲೆ ತಡ ಮಾಡಿದೆ. ಮೊನ್ನೆ ರಿಸಾರ್ಟಿನ ವಾಚ್‌ಮನ್ ಹತ್ತಿರ ಊರು ಕೇಳಿಕೊಂಡು ಬೆಳಗಿನ ಬಸ್ ಹತ್ತಿದೆ. ಬಸ್ಸಿನ ತುಂಬ ಉಳವಿಯ ಗುಡಿಗೆ ಹೊರಟವರು. ಕಂಡಕ್ಟರ್, "ಉಳವಿಗೆ ಅಲ್ಲೇನ್ರಿ? ಹಂಗಾರ ಕುಂಬಾರವಾಡದಾಗ ಯಾರ ಅದಾರ ನಿಮಗ?" ಎಂದ. ಕಿಟಕಿಯ ಕಡೆ ಸರಿದು ಕೂತೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಮಾವಶಿ, ನೀವು ಮೊದಲು ಹೇಳಿದ್ದೇ ಸರಿ ಇತ್ತು. ಇಷ್ಟೇ.

ಬಸ್ ಇಳಿದು ಅರ್ಧ ಗಂಟೆ ನಡೆದೆ. ಮಾವಶಿ ಅಂಗಳದಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು ನಿಂತರು. ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಒಳಗೆ ತಂಗಿಗೆ ಕೂಗಿ ಹೇಳಿದರು.

"ಏ, ಚಹಾಕ್ಕಿಡ. ನಮ್ಮ ಅಕ್ಕೋರು ಬಂದಾರ, ರಿಸಾರ್ಟಿಂದ."

ರಿಸಾರ್ಟಿಂದ ಅಲ್ಲ ಎಂದು ನಾನು ಅಲ್ಲೇ ಹೇಳಬೇಕಿತ್ತು. ಅವರು ಬಿಡಲಿಲ್ಲ.

"ಕುಂದರ್ರಿ. ಮೊದಲ ಕೇಳ್ರಿ, ಆಮೇಲೆ ಮಾತು."

ಮೊರ ಕೆಳಗಿಟ್ಟು, ಎರಡೂ ಕೈ ಎದೆಯ ಮುಂದೆ ಹಿಡಿದರು. ಬೆರಳಿನಲ್ಲಿ ರಬ್ಬರ್ ಬ್ಯಾಂಡ್ ಇರಲಿಲ್ಲ. ಇದ್ದ ಹಾಗೆ ಎಳೆದರು. "ಎಡ-ಮಾ-ಮೇಯ್. ಟೆರಿ-ಯಾ-ಕಿ. ಟೆಂ-ಪೂ-ರಾ." ಎಂಟೂ ಹೇಳಿದರು. ಒಂದೂ ತಡವರಿಸಲಿಲ್ಲ. ನನಗಿಂತ ಚೆನ್ನಾಗಿ ಹೇಳಿದರು.

ತಂಗಿ ಚಹಾ ತಂದು, "ದಿನಾ ಇದ ಐತ್ರಿ. ಗದ್ದ್ಯಾಗ ನಟ್ಟಿ ಹಚ್ಚೂವಾಗೂ ಇದ. ನಮ್ಮ ಆಕಳಕ್ಕ ಸುದ್ದಾ ಬಾಯಿಪಾಠ ಆಗೇತಿ" ಎಂದರು.

"ನೀ ಸುಮ್ನಿರ. ಅಕ್ಕೋರ, ಸರಿ ಅದಾವೇನ್ರಿ?"

ಅವರ ಕೈ ಇನ್ನೂ ಗಾಳಿಯಲ್ಲೇ ಇತ್ತು.

"ಸರಿ ಅದಾವ, ಮಾವಶಿ" ಎಂದೆ.

"ಹಂಗಾರ ಯಾವಾಗ ಬರಲಿ?"

ಚಹಾದ ಲೋಟ ಕೆಳಗಿಟ್ಟೆ. ಆ ಕೌಂಟರ್ ಮುಚ್ಚಿದೆ ಎಂದು ಹೇಳಿದೆ. ಯಾವಾಗ ಎಂದು ಕೇಳಿದರು. ನೀವು ಬಿಟ್ಟ ವರ್ಷವೇ ಎಂದೆ. ಅವರು ಕೈ ಇಳಿಸಿ ಮೊರ ತೆಗೆದುಕೊಂಡರು. ಸ್ವಲ್ಪ ಹೊತ್ತು ಅಕ್ಕಿಯಲ್ಲಿ ಕಲ್ಲು ಹುಡುಕಿದರು. ಆಮೇಲೆ ತಲೆ ಎತ್ತದೆ ಕೇಳಿದರು.

"ಹಂಗಂದ್ರ ನೀವ ಯಾಕ ಬಂದ್ರಿ, ಇಷ್ಟ ದೂರ?"

"ಸುಮ್ನ. ನಿಮ್ಮನ್ನ ನೋಡಿ ಹೋಗೂಣು ಅಂತ."

ಎರಡು ವರ್ಷ ಗದ್ದೆಯಲ್ಲಿ ಬಗ್ಗಿ ಕಲಿತದ್ದನ್ನು, ಅದು ಬೇಕಾಗಿಯೇ ಇರಲಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದರೆ ಆ ಎರಡು ವರ್ಷವನ್ನೂ ಕಸಿದಂತೆ. ಹೇಳದಿದ್ದರೆ ಮೊದಲು ಕಸಿದದ್ದು ನನ್ನ ಹತ್ತಿರವೇ ಉಳಿದಂತೆ.

ಬಸ್ಸಿಗೆ ಕಳಿಸಲು ಬಂದರು. ಬೇಡವೆಂದರೂ ಒಂದು ಚೀಲದಲ್ಲಿ ಅಕ್ಕಿ ಕೊಟ್ಟರು. ರಸ್ತೆ ಬದಿ ನಿಂತಾಗ ಕೇಳಿದರು.

"ಅಕ್ಕೋರ, ಅವತ್ತ ಆ ಗೆಸ್ಟ್ ಹೆಣಮಗಳು ತಿಂದಳೇನ್ರಿ? ನಾ ನೀರ ತರಾಕ ಹೋಗಿದ್ದೆ, ನೋಡಲಿಲ್ಲ."

"ತಿಂದಳು. ನೀವ ಕಟ್ಟಿದ ಸುರುಳಿ. ಮತ್ತೊಂದು ಕೇಳಿ ತಿಂದಳು."

"ಮಾರಿ ಹೆಂಗಿತ್ತು?"

"ಮೊದಲನೇ ತುತ್ತಿಗೆ ಕಣ್ಣ ಮುಚ್ಚಿದಳು, ಮಾವಶಿ."

ಇದು ನಿಜ. ಕಂಬದ ಪಕ್ಕ ನಿಂತು ನಾನೇ ನೋಡಿದ್ದೆ. ಅವರು ಕಾಣಬೇಕಾಗಿದ್ದ ಮುಖವನ್ನು ನಾನು ಕಂಡಿದ್ದೆ. ಮಾವಶಿ "ಹೂಂ" ಎಂದು ಬಸ್ ಬರುವ ದಿಕ್ಕಿಗೆ ನೋಡುತ್ತ ನಿಂತರು. ಬಸ್ ಬಂತು.

ಆ ಅಕ್ಕಿ ಇನ್ನೂ ಬೇಯಿಸಿಲ್ಲ.

ಮಾವಶಿಗೆ ಫೋನ್ ಇಲ್ಲ, ಇದನ್ನು ಅವರು ಓದುವುದಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಸರಿ ಇದ್ದಾಗಲೇ ತಪ್ಪು ಎಂದು ತಿದ್ದಿಸಿಕೊಂಡವರು ನಿಮ್ಮಲ್ಲಿ ಇದ್ದರೆ, ನಿಮಗೆ ಆದದ್ದನ್ನು ಕೆಳಗೆ ಬರೆಯಿರಿ. ಯಾವ ಪದ, ಯಾರು ತಿದ್ದಿದರು, ಅವರು ಎಷ್ಟು ವರ್ಷದ ಮೇಲೆ ಬಂದರೂ ನೀವು ಕೇಳಿಸಿಕೊಳ್ಳುತ್ತಿದ್ದಿರೋ ಇಲ್ಲವೋ. ನನ್ನ ಹಾಗೆ ತಿದ್ದಿದವರಿದ್ದರೆ ಅವರೂ ಬರೆಯಿರಿ, ಹೋಗಿ ಹೇಳಿದಿರಾ, ಹೇಳಿದ ಮೇಲೆ ಎದುರಿನವರು ಏನೆಂದರು. ಸಮಾಧಾನದ ಮಾತು ಬೇಡ, ಆದದ್ದನ್ನು ಬರೆಯಿರಿ. ಮಳೆ ಹಿಡಿಯುವ ಮೊದಲು ಇನ್ನೊಮ್ಮೆ ಆ ಬಸ್ ಹತ್ತಬೇಕೆಂದಿದ್ದೇನೆ. ನೀವು ಬರೆದದ್ದನ್ನೆಲ್ಲ ಓದಿ ಹತ್ತುತ್ತೇನೆ.